ಕನ್ನಡಿಗ ಬರೆದದ್ದು ತೆಲುಗು ಕೃತಿ, ತಮಿಳುನಾಡಿನವರು ಬರೆದದ್ದು ಕನ್ನಡ ಕೃತಿ: ವಾಸುದೇವಾಚಾರ್ಯ, ಮುತ್ತಯ್ಯ ಭಾಗವತರ ಬಾಲ್ಯ ಮತ್ತು ಗುರುಕುಲದ ಕಥೆ

ಕರ್ನಾಟಕ ಸಂಗೀತ ಕೇಳದವರಿಗೂ 'ಬ್ರೋಚೇವಾರೆವರುರಾ' ಗೊತ್ತು. 1980ರಲ್ಲಿ ತೆರೆಕಂಡ ಕೆ. ವಿಶ್ವನಾಥ್ ಅವರ 'ಶಂಕರಾಭರಣಂ' ಚಿತ್ರ ಖಮಾಚ್ ರಾಗದ ಈ ಕೃತಿಯನ್ನು ಮನೆಮನೆಗೆ ತಲುಪಿಸಿತು. ಶ್ರೀರಾಮನನ್ನು ಕುರಿತ ತೆಲುಗು ಕೃತಿಯಾದ್ದರಿಂದ ಇದನ್ನು ತ್ಯಾಗರಾಜರದ್ದೆಂದು ಭಾವಿಸಿದವರೂ ಇದ್ದಾರೆ. ಆದರೆ ಇದನ್ನು ರಚಿಸಿದವರು ಮೈಸೂರಿನಲ್ಲೇ ಹುಟ್ಟಿದ, ಕನ್ನಡದಲ್ಲಿ ಆತ್ಮಕಥೆ ಬರೆದ ಮೈಸೂರು ವಾಸುದೇವಾಚಾರ್ಯರು.

ಇನ್ನೊಂದು ಕೃತಿ ಮೋಹನಕಲ್ಯಾಣಿ ರಾಗದ 'ಭುವನೇಶ್ವರಿಯ'. ಇದು ಕನ್ನಡದ್ದು, ಮೈಸೂರಿನ ಚಾಮುಂಡೇಶ್ವರಿಯನ್ನು ಕುರಿತದ್ದು. ಇದರ ಕರ್ತೃ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು. ಅವರು ತಮಿಳುನಾಡಿನ ತಿರುನೆಲ್ವೇಲಿ ಸೀಮೆಯವರು.

ಇಬ್ಬರೂ ಒಂದೇ ಮೈಸೂರು ಅರಮನೆಯ ಆಸ್ಥಾನ ವಿದ್ವಾಂಸರು. ಹಾಗಿದ್ದೂ ಮೈಸೂರಿನವರ ಕೃತಿಗಳು ಬಹುಪಾಲು ತೆಲುಗು ಮತ್ತು ಸಂಸ್ಕೃತದಲ್ಲಿವೆ, ಹೊರಗಿನಿಂದ ಬಂದವರು 108 ಕನ್ನಡ ಕೃತಿಗಳನ್ನು ಕೊಟ್ಟರು. ಇದು ಹೇಗಾಯಿತು? ಮಾತೃಭಾಷೆಯನ್ನು ನೋಡಿದರೆ ಉತ್ತರ ಸಿಗುವುದಿಲ್ಲ. ಇಬ್ಬರ ಬಾಲ್ಯವನ್ನೂ ಅವರು ಕಲಿತ ಮನೆಗಳನ್ನೂ ನೋಡಬೇಕು.

ತಂದೆಯನ್ನು ಕಳೆದುಕೊಂಡ ಇಬ್ಬರು ಹುಡುಗರು

ವಾಸುದೇವಾಚಾರ್ಯರು ಹುಟ್ಟಿದ್ದು 1865ರ ಮೇ 28ರಂದು, ಮೈಸೂರಿನ ಸಂಪ್ರದಾಯಸ್ಥ ಮಾಧ್ವ ಕುಟುಂಬದಲ್ಲಿ. ಮಗುವಿಗೆ ಸುಮಾರು ಮೂರು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಹುಡುಗ ಬೆಳೆದದ್ದು ತಾಯಿಯ ತಂದೆ ಗೋಪಾಲಾಚಾರ್ಯರ ಆಸರೆಯಲ್ಲಿ. ತಾತ ಸ್ವತಃ ವಿದ್ವಾಂಸರು. ಮೊಮ್ಮಗನಿಗೆ ಮನೆಯವರು ತೋರಿದ ದಾರಿ ಸಂಸ್ಕೃತದ್ದು. ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ಕಾವ್ಯ, ನಾಟಕ, ವ್ಯಾಕರಣ, ಅಲಂಕಾರ ಶಾಸ್ತ್ರಗಳ ಓದು ಸಾಗಿತು.

ಹನ್ನೆರಡು ವರ್ಷಗಳ ನಂತರ, 1877ರ ನವೆಂಬರ್ 15ರಂದು ಮುತ್ತಯ್ಯ ಭಾಗವತರು ಹುಟ್ಟಿದರು. ಹರಿಕೇಶನಲ್ಲೂರು ತಾಮ್ರಪರ್ಣಿ ನದಿಯ ಸೀಮೆಯಲ್ಲಿ, ಅಂಬಾಸಮುದ್ರಂ ಬಳಿ ಇರುವ ಊರು. ತಂದೆ ಲಿಂಗಂ ಅಯ್ಯರ್ ಸಂಗೀತಗಾರರಿಗೆ ಆಶ್ರಯ ಕೊಡುತ್ತಿದ್ದವರು. ಮಗನಿಗೆ ಆರು ವರ್ಷವಾಗಿದ್ದಾಗ ಅವರೂ ಇಲ್ಲವಾದರು. ಮಾವ ಲಕ್ಷ್ಮಣ ಸೂರಿ ಜವಾಬ್ದಾರಿ ಹೊತ್ತು ಹುಡುಗನಿಗೆ ವೇದ ಮತ್ತು ಸಂಸ್ಕೃತ ಕಲಿಸತೊಡಗಿದರು.

ಇಲ್ಲಿಯವರೆಗೆ ಎರಡು ಕಥೆಗಳೂ ಒಂದೇ. ತಂದೆ ಇಲ್ಲದ ಮನೆ, ತಾಯಿಯ ಕಡೆಯ ಹಿರಿಯರ ಆಸರೆ, ಸಂಸ್ಕೃತದ ಓದು, ಅದರ ನಡುವೆ ಹುಡುಗನ ಮನಸ್ಸನ್ನು ಎಳೆಯುವ ಸಂಗೀತ. ಮುಂದೆ ಏನಾಗಬೇಕೆಂದು ಹಿರಿಯರು ನಿಶ್ಚಯಿಸಿದ್ದರೂ ಇಬ್ಬರೂ ಆ ದಾರಿಯಲ್ಲಿ ಕೊನೆಯವರೆಗೆ ಹೋಗಲಿಲ್ಲ. ಆದರೆ ಅದನ್ನು ಬಿಟ್ಟ ರೀತಿ ಬೇರೆ ಬೇರೆ.

ಒಬ್ಬರು ಊರಲ್ಲೇ ಉಳಿದರು, ಇನ್ನೊಬ್ಬರು ಮನೆ ಬಿಟ್ಟರು

ವಾಸುದೇವಾಚಾರ್ಯರಿಗೆ ಸಂಗೀತ ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ. ಆಗಿನ ಮೈಸೂರು ವೀಣೆಯ ಊರು. ಸಂಸ್ಕೃತ ಓದುತ್ತಿದ್ದಾಗಲೇ ಅವರು ಆಸ್ಥಾನ ವಿದ್ವಾನ್ ವೀಣೆ ಪದ್ಮನಾಭಯ್ಯನವರಲ್ಲಿ ಪಾಠ ಶುರುಮಾಡಿದರು. ಹೀಗೆ ವ್ಯಾಕರಣ ಮತ್ತು ಸ್ವರಗಳೆರಡನ್ನೂ ಒಟ್ಟಿಗೇ ಕಲಿತರು.

ಮುತ್ತಯ್ಯನವರಿಗೆ ಆ ಅನುಕೂಲ ಇರಲಿಲ್ಲ. ಹತ್ತು ವರ್ಷದ ಹುಡುಗ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ನೂರಾರು ಕಿಲೋಮೀಟರ್ ದಾಟಿ ಸೇರಿದ್ದು ಕಾವೇರಿ ಬಯಲಿನ ತಿರುವಾರೂರನ್ನು. ಅಲ್ಲಿ ಪದಿನೈಂದು ಮಂಟಪಂ ಸಾಂಬಶಿವ ಅಯ್ಯರ್ ಎಂಬ ಪ್ರಸಿದ್ಧ ಸಂಗೀತ ಗುರುಗಳಿದ್ದರು. ಹುಡುಗನ ಶಕ್ತಿ ಮೆಚ್ಚಿದ ಅವರು ಮನೆಯಲ್ಲಿಟ್ಟುಕೊಂಡು ಪಾಠ ಹೇಳಿದರು. ಅಲ್ಲಿ ಒಂಬತ್ತು ವರ್ಷ ಕಲಿಕೆ ನಡೆಯಿತು. ಅಂದರೆ ಮುತ್ತಯ್ಯನವರ ಬಾಲ್ಯದ ಉಳಿದ ಭಾಗವೆಲ್ಲ ಕಳೆದದ್ದು ಗುರುವಿನ ಮನೆಯಲ್ಲೇ. ಸಾಂಬಶಿವ ಅಯ್ಯರ್ ಅವರ ಮಗ ಟಿ.ಎಸ್. ಸಭೇಶ ಅಯ್ಯರ್ ಕೂಡ ಮುಂದೆ ದೊಡ್ಡ ವಿದ್ವಾಂಸರಾದರು.

ತಿರುವಾರೂರು ಸಾಮಾನ್ಯ ಊರಲ್ಲ. ಸಂಗೀತ ತ್ರಿಮೂರ್ತಿಗಳೆನಿಸಿದ ತ್ಯಾಗರಾಜರು, ಮುತ್ತುಸ್ವಾಮಿ ದೀಕ್ಷಿತರು ಮತ್ತು ಶ್ಯಾಮಾಶಾಸ್ತ್ರಿಗಳು ಮೂವರೂ ಹುಟ್ಟಿದ ಜಾಗ ಅದು.

ಮಹಾರಾಜರು ಕಳಿಸಿದ ಶಿಷ್ಯ

ವಾಸುದೇವಾಚಾರ್ಯರೂ ಕೊನೆಗೆ ಕಾವೇರಿ ಬಯಲಿಗೇ ಹೋದರು. ಆದರೆ ಓಡಿಹೋದ ಹುಡುಗನಾಗಿ ಹೋಗಲಿಲ್ಲ. ಹತ್ತನೇ ಚಾಮರಾಜ ಒಡೆಯರ್ ಅವರ ಆಶ್ರಯ ಮತ್ತು ಹಣದ ನೆರವಿನೊಂದಿಗೆ ಮೈಸೂರು ಸಂಸ್ಥಾನವೇ ಅವರನ್ನು ತಿರುವೈಯಾರಿಗೆ ಕಳಿಸಿತು. ಹೋಗುವಾಗಲೇ ಅವರಿಗೆ ಸಂಸ್ಕೃತವೂ ವೀಣೆಯ ಪಾಠವೂ ಕೈಯಲ್ಲಿತ್ತು.

ಅವರ ಗುರು ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ (1845–1902). ಬೇಗಡೆ ರಾಗವನ್ನು ಹಾಡುವುದರಲ್ಲಿ ಎಷ್ಟು ಹೆಸರಾಗಿದ್ದರೆಂದರೆ ಜನ ಅವರನ್ನು 'ಬೇಗಡೆ ಸುಬ್ರಹ್ಮಣ್ಯ ಅಯ್ಯರ್' ಎಂದೇ ಕರೆಯುತ್ತಿದ್ದರು. ಕದನಕುತೂಹಲ ರಾಗದ 'ರಘುವಂಶ ಸುಧಾ' ಅವರದ್ದೇ ರಚನೆ.

ಈ ಗುರುವಿನ ಹಿಂದೆ ಒಂದು ಪರಂಪರೆಯೇ ಇತ್ತು. ತ್ಯಾಗರಾಜರ (1767–1847) ಶಿಷ್ಯರು ಮಾನಂಬುಚಾವಡಿ ವೆಂಕಟಸುಬ್ಬಯ್ಯ. ಅವರ ಶಿಷ್ಯರು ಪಟ್ಣಂ ಸುಬ್ರಹ್ಮಣ್ಯ ಅಯ್ಯರ್. ಅವರ ಶಿಷ್ಯರು ವಾಸುದೇವಾಚಾರ್ಯರು. ತ್ಯಾಗರಾಜರು ಬಾಳಿ, ಸಮಾಧಿಯಾದ ಊರಿನಲ್ಲೇ ಈ ಪಾಠ ನಡೆಯಿತು.

ಆಚಾರ್ಯರು ಅಲ್ಲಿ ಸುಮಾರು ಆರು ವರ್ಷ ಇದ್ದರು. ರಾಮನಾಡ್ ಶ್ರೀನಿವಾಸ ಅಯ್ಯಂಗಾರ್ ಕೂಡ ಇದೇ ಗುರುವಿನ ಶಿಷ್ಯರು. 'ಪೂಚಿ' ಎಂದು ಖ್ಯಾತರಾದ ಅವರೂ ವಾಗ್ಗೇಯಕಾರರಾದರು, ಅರಿಯಕುಡಿ ರಾಮಾನುಜ ಅಯ್ಯಂಗಾರ್ ಅವರಿಗೆ ಗುರುವಾದರು.

ಗುರುಕುಲದಲ್ಲಿ ಕೃತಿ ರಚನೆ ಕಲಿಸುತ್ತಿದ್ದರೇ?

ಇಂದಿನ ಅರ್ಥದಲ್ಲಿ ಹೇಳುವುದಾದರೆ ಇಲ್ಲ. ಕೃತಿ ರಚನೆ ಎಂಬ ಪ್ರತ್ಯೇಕ ವಿಷಯವಾಗಲಿ, ಅದಕ್ಕೊಂದು ಪಠ್ಯವಾಗಲಿ ಇರಲಿಲ್ಲ.

ಗುರುಕುಲ ಎಂದರೆ ಗುರುವಿನ ಮನೆಯಲ್ಲೇ ವಾಸ. ಮನೆಗೆಲಸ, ಗುರುಸೇವೆ, ಗುರುವಿಗೆ ಮನಸ್ಸು ಬಂದಾಗ ಪಾಠ. ಸರಳೆ, ಜಂಟಿ, ಅಲಂಕಾರ, ಗೀತೆ, ವರ್ಣ ದಾಟಿದ ಮೇಲೆ ಕೃತಿಗಳು. ಗುರು ಒಂದು ಸಾಲು ಹಾಡಬೇಕು, ಶಿಷ್ಯ ಅದನ್ನು ಕಿವಿಯಲ್ಲಿ ಹಿಡಿದು ತಿರುಗಿ ಹಾಡಬೇಕು. ಕಛೇರಿಯಲ್ಲಿ ಗುರುವಿನ ಹಿಂದೆ ಕುಳಿತು ದನಿಗೂಡಿಸುವುದೂ ಪಾಠದ ಭಾಗವೇ.

ಹೀಗೆ ನೂರಾರು ಕೃತಿಗಳು ಬಾಯಿಪಾಠವಾದಾಗ ಶಿಷ್ಯನಿಗೆ ಹಾಡುಗಳ ಜೊತೆಗೆ ಇನ್ನೂ ಕೆಲವು ವಿಷಯ ದಕ್ಕುತ್ತವೆ. ಪಲ್ಲವಿ ಎಲ್ಲಿ ಮುಗಿಯಬೇಕು, ಅನುಪಲ್ಲವಿ ಯಾವ ಸ್ವರಕ್ಕೆ ಏರಬೇಕು, ರಾಗದ ಜೀವ ಯಾವ ಹಿಡಿತದಲ್ಲಿದೆ, ಪ್ರಾಸ ತಾಳದ ಯಾವ ಪೆಟ್ಟಿಗೆ ಬೀಳಬೇಕು ಎಂಬುದು ತಾನಾಗಿ ಒಳಗಿಳಿಯುತ್ತದೆ. ಹಾಡು ಯಾವ ಭಾಷೆಯಲ್ಲಿ ಹುಟ್ಟುತ್ತದೆ ಎಂಬುದೂ ಅದರ ಜೊತೆಗೇ ಬರುತ್ತದೆ.

ಆಚಾರ್ಯರ ತೆಲುಗಿಗೆ ಕಾರಣ ಇಲ್ಲಿದೆ. ತಂಜಾವೂರಿನಲ್ಲಿ ನಾಯಕ ದೊರೆಗಳ ಕಾಲದಿಂದಲೂ ತೆಲುಗಿಗೆ ಅರಮನೆಯ ಮನ್ನಣೆ ಇತ್ತು, ಮರಾಠಾ ದೊರೆಗಳ ಕಾಲದಲ್ಲೂ ಅದು ಮುಂದುವರಿಯಿತು. ತ್ಯಾಗರಾಜರು ಹಾಡಿದ್ದು ಹೆಚ್ಚಾಗಿ ತೆಲುಗಿನಲ್ಲಿ. ಅವರ ಶಿಷ್ಯಪರಂಪರೆಯಲ್ಲಿ ಕೃತಿ ಎಂದರೆ ತೆಲುಗು ಎಂಬಷ್ಟು ಅದು ರೂಢಿಯಾಯಿತು. ಮೈಸೂರಿನಲ್ಲೂ ಇದೇ ರೂಢಿ. ತ್ಯಾಗರಾಜರ ಪರಂಪರೆಯ ಮೈಸೂರು ಸದಾಶಿವರಾಯರು ಆಚಾರ್ಯರಿಗಿಂತ ಮೊದಲೇ ಆಸ್ಥಾನದಲ್ಲಿದ್ದು ತೆಲುಗಿನಲ್ಲಿ ಕೃತಿ ರಚಿಸಿದ್ದರು.

ಹೀಗಾಗಿ ಮೈಸೂರಿನ ಕನ್ನಡಿಗ ತೆಲುಗಿನಲ್ಲಿ ಬರೆದದ್ದು ಕನ್ನಡದ ಮೇಲಿನ ಉದಾಸೀನದಿಂದ ಅಲ್ಲ, ಗುರುಮನೆಯಲ್ಲಿ ಕೃತಿಯ ರೂಪ ಅವರಿಗೆ ಸಿಕ್ಕಿದ್ದೇ ಆ ಭಾಷೆಯಲ್ಲಿ. ಸಂಸ್ಕೃತ ಮಾತ್ರ ಪಾಠಶಾಲೆಯಿಂದ ಅವರು ಜೊತೆಗೆ ತಂದದ್ದು. ಹಿಂದೋಳದ 'ಮಾಮವತು ಶ್ರೀ ಸರಸ್ವತಿ', ಆಭೇರಿಯ 'ಭಜರೇ ರೇ ಮಾನಸ' ಕೃತಿಗಳಲ್ಲಿ ಆ ಓದು ಕಾಣುತ್ತದೆ. ಪದಗಳು ಸರಳ, ಸಮಾಸಗಳು ಹಾಡುವವರ ನಾಲಿಗೆಗೆ ಭಾರವಾಗುವುದಿಲ್ಲ. 'ವಾಸುದೇವ' ಅಂಕಿತದ ಸುಮಾರು 200 ಕೃತಿಗಳು ಇಂದು ಅವರ ಹೆಸರಿನಲ್ಲಿವೆ.

ಹರಿಕಥೆ ತೆರೆದ ಬಾಗಿಲು

ಮುತ್ತಯ್ಯನವರ ತರಬೇತಿಯಲ್ಲಿ ಇನ್ನೊಂದು ಘಟ್ಟ ಇದೆ, ಅದು ಆಚಾರ್ಯರ ಬದುಕಿನಲ್ಲಿಲ್ಲ. ಕಛೇರಿ ಗಾಯಕರಾಗಿ ಹೆಸರು ಮಾಡಿದ ಮೇಲೆ ಅವರು ಹರಿಕಥೆಯತ್ತ ತಿರುಗಿದರು. ಹೆಸರಿನ ಮುಂದಿನ 'ಭಾಗವತರ್' ಎಂಬುದಕ್ಕೆ ಅರ್ಥ ಬಂದದ್ದು ಅಲ್ಲಿಂದಲೇ.

ತಂಜಾವೂರಿನ ಹರಿಕಥೆಗೂ ಮಹಾರಾಷ್ಟ್ರಕ್ಕೂ ಹತ್ತಿರದ ನಂಟು. ಪುಣೆ ಜಿಲ್ಲೆಯ ಇಂದಾಪುರದಲ್ಲಿ ಯುದ್ಧದಲ್ಲಿ ಮಡಿದ ಮಾಲೋಜಿ ಭೋಸಲೆಯ ಮೊಮ್ಮಗ, ಶಿವಾಜಿ ಮಹಾರಾಜರ ಮಲತಮ್ಮ ವೆಂಕೋಜಿ 17ನೇ ಶತಮಾನದಲ್ಲಿ ತಂಜಾವೂರಿನಲ್ಲಿ ಭೋಸಲೆ ಮನೆತನದ ಆಳ್ವಿಕೆ ಆರಂಭಿಸಿದರು. ಅವರ ವಂಶದವರ ಕಾಲದಲ್ಲಿ ಮರಾಠಿ ಕೀರ್ತನೆಯ ಸಂಪ್ರದಾಯ ಕಾವೇರಿ ತೀರಕ್ಕೆ ಬಂತು. ಸಾಕಿ, ದಿಂಡಿ, ಓವಿ, ಅಭಂಗಗಳು ಅಲ್ಲಿನ ಕಥಾಕಾಲಕ್ಷೇಪದಲ್ಲಿ ಸೇರಿಕೊಂಡವು. 19ನೇ ಶತಮಾನದಲ್ಲಿ ತಂಜಾವೂರು ಕೃಷ್ಣ ಭಾಗವತರು ಇವನ್ನೆಲ್ಲ ಕರ್ನಾಟಕ ಸಂಗೀತದೊಂದಿಗೆ ಬೆಸೆದು ಹೊಸ ರೂಪ ಕೊಟ್ಟರು. ಮುತ್ತಯ್ಯನವರು ಕೈಹಾಕಿದ್ದು ಈ ಕಲೆಗೆ.

ಹರಿಕಥೆ ಮಾಡುವವರಿಗೆ ಒಂದೇ ಭಾಷೆ, ಒಂದೇ ಬಗೆಯ ಹಾಡು ಸಾಲದು. ಕಥೆಯ ಓಘಕ್ಕೆ ತಕ್ಕಂತೆ ಸಂಸ್ಕೃತ ಶ್ಲೋಕ, ತೆಲುಗು ಕೃತಿ, ತಮಿಳು ಪದ, ಮರಾಠಿ ಮಟ್ಟು ಎಲ್ಲವೂ ಬೇಕು. ಎದುರಿಗೆ ಕುಳಿತ ಸಾಮಾನ್ಯ ಜನರಿಗೆ ತಕ್ಷಣ ಮುಟ್ಟಬೇಕು. ಹೊಸ ಸಂದರ್ಭಕ್ಕೆ ಹೊಸ ಹಾಡು ಕಟ್ಟಬೇಕು. ಈ ಅಭ್ಯಾಸ ಇದ್ದವರಿಗೆ ಬೇರೆ ಭಾಷೆಯಲ್ಲಿ ರಚನೆ ಮಾಡಿ ಎಂದರೆ ಅಂಜಿಕೆ ಕಡಿಮೆ.

ರಾಗಗಳ ವಿಷಯದಲ್ಲೂ ಅವರದ್ದು ಹೊಸತನ್ನು ಹುಡುಕುವ ಸ್ವಭಾವ. ಮೋಹನಕಲ್ಯಾಣಿ, ಕರ್ಣರಂಜನಿ, ಬುಧಮನೋಹರಿ, ಗೌಡಮಲ್ಹಾರ್ ಮುಂತಾದ ರಾಗಗಳು ಅವರ ಕೃತಿಗಳಿಂದಲೇ ಚಾಲ್ತಿಗೆ ಬಂದವು. ನಿರೋಷ್ಠ ರಾಗ ಇನ್ನೂ ವಿಶೇಷ. ಇದರಲ್ಲಿ ಮಧ್ಯಮ, ಪಂಚಮಗಳೇ ಇಲ್ಲ. 'ಮ', 'ಪ' ಹೇಳಲು ತುಟಿಗಳು ಸೇರಬೇಕು, ಆ ಸ್ವರಗಳೇ ಇಲ್ಲದ ಮೇಲೆ ತುಟಿ ಸೇರುವ ಪ್ರಶ್ನೆಯೇ ಇಲ್ಲ. ಈ ರಾಗದ 'ರಾಜರಾಜ ರಾಧಿತೇ' ಕೃತಿಯ ಸಾಹಿತ್ಯದಲ್ಲೂ ಅವರು ತುಟಿ ಸೇರುವ ಅಕ್ಷರಗಳನ್ನು ಬಿಟ್ಟರು. ಬಾಲ್ಯದಲ್ಲಿ ಕಲಿತ ಸಂಸ್ಕೃತದ ಹಿಡಿತ ಇಲ್ಲದಿದ್ದರೆ ಇಂಥ ಅಕ್ಷರದ ಆಟ ಸಾಧ್ಯವಾಗುತ್ತಿರಲಿಲ್ಲ.

ಮೈಸೂರಿನಲ್ಲಿ ಕನ್ನಡ ಕೃತಿಗಳು ಹುಟ್ಟಿದ್ದು ಹೀಗೆ

1920ರ ದಶಕದಲ್ಲಿ ಮುತ್ತಯ್ಯನವರು ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಸ್ಥಾನ ವಿದ್ವಾಂಸರಾದರು. ಮೈಸೂರು ವಿಶ್ವವಿದ್ಯಾನಿಲಯವೂ ಕನ್ನಡ ಸಾಹಿತ್ಯ ಪರಿಷತ್ತೂ ಹುಟ್ಟಿದ್ದು ಇದೇ ಮಹಾರಾಜರ ಆಳ್ವಿಕೆಯಲ್ಲಿ.

ಮಹಾರಾಜರ ಅಪೇಕ್ಷೆಯಂತೆ ಮುತ್ತಯ್ಯನವರು ಒಡೆಯರ ಕುಲದೇವತೆ ಚಾಮುಂಡೇಶ್ವರಿಯ ಅಷ್ಟೋತ್ತರ ನಾಮಗಳನ್ನು ಆಧರಿಸಿ 108 ಕೃತಿಗಳನ್ನು ಕನ್ನಡದಲ್ಲಿ ರಚಿಸಿದರು. ಕನ್ನಡ ಅವರಿಗೆ ಹುಟ್ಟುಭಾಷೆಯಲ್ಲ. ಸಾಹಿತ್ಯಕ್ಕೆ ದೇವೋತ್ತಮ ಜೋಯಿಸರ ನೆರವು ಪಡೆದರು. ರಾಗ, ತಾಳ, ಧಾತು ಅವರದ್ದು, 'ಹರಿಕೇಶ' ಅಂಕಿತವೂ ಅವರದ್ದೇ. 'ಭುವನೇಶ್ವರಿಯ' ಮತ್ತು ಕಾಂಬೋಜಿಯ 'ರತ್ನಕಂಚುಕಧಾರಿಣಿ' ಈ ಮಾಲೆಗೆ ಸೇರಿದವು. ಶಿವನ ಮೇಲೂ ಅವರು 108 ಕೃತಿ ರಚಿಸಿದರು, ಅವು ಸಂಸ್ಕೃತದಲ್ಲಿವೆ.

ಆಶ್ರಯದಾತರ ಪಾತ್ರ ಇಲ್ಲಿ ಸ್ಪಷ್ಟವಾಗುತ್ತದೆ. ಹತ್ತನೇ ಚಾಮರಾಜ ಒಡೆಯರ್ ಮೈಸೂರಿನ ಯುವಕನನ್ನು ತಿರುವೈಯಾರಿಗೆ ಕಳಿಸಿದ್ದರಿಂದ ತ್ಯಾಗರಾಜರ ಪರಂಪರೆ ಅದರ ಭಾಷೆಯ ಸಮೇತ ಮೈಸೂರಿಗೆ ಬಂತು. ಅವರ ಮಗ ನಾಲ್ವಡಿಯವರು ತಿರುವಾರೂರಿನಲ್ಲಿ ಕಲಿತವರನ್ನು ಕರೆಸಿಕೊಂಡು ಕನ್ನಡದಲ್ಲಿ ಕೇಳಿದ್ದರಿಂದ ಅದೇ ಕೃತಿಯ ರೂಪ ಕನ್ನಡಕ್ಕೆ ಬಂತು.

ಸರಳೆ, ಜಂಟಿ ವರಸೆಗಳ ಪಾಠಕ್ರಮವನ್ನು ಕೊಟ್ಟವರು ಕನ್ನಡದ ಪುರಂದರದಾಸರು ಎಂದು ಸಂಗೀತ ಲೋಕ ನಂಬುತ್ತದೆ, ತ್ಯಾಗರಾಜರೂ ದಾಸರನ್ನು ಗೌರವದಿಂದ ನೆನೆದಿದ್ದಾರೆ. ಅಂಥ ಸಂಗೀತದ ದೊಡ್ಡ ಕೃತಿಗಳು ಕನ್ನಡದಲ್ಲಿ ಇಷ್ಟು ಸಂಖ್ಯೆಯಲ್ಲಿ ಬರಲು ಒಬ್ಬ ದೊರೆ ಬಾಯಿಬಿಟ್ಟು ಕೇಳಬೇಕಾಯಿತು ಎಂಬುದು ಯೋಚಿಸುವಂಥ ವಿಷಯ.

ಒಂದು ನೋಟದಲ್ಲಿ ಇಬ್ಬರ ಆರಂಭ

- ಜನನ: ವಾಸುದೇವಾಚಾರ್ಯರು 1865, ಮೈಸೂರು, ಮುತ್ತಯ್ಯ ಭಾಗವತರು 1877, ತಿರುನೆಲ್ವೇಲಿ ಸೀಮೆ.
- ತಂದೆಯ ಸಾವು: ಆಚಾರ್ಯರಿಗೆ ಸುಮಾರು 3 ವರ್ಷವಾಗಿದ್ದಾಗ, ಮುತ್ತಯ್ಯನವರಿಗೆ 6 ವರ್ಷವಾಗಿದ್ದಾಗ.
- ಬೆಳೆಸಿದವರು: ಆಚಾರ್ಯರನ್ನು ತಾತ, ಮುತ್ತಯ್ಯನವರನ್ನು ಮಾವ. ಇಬ್ಬರಿಗೂ ಮೊದಲು ಸಂಸ್ಕೃತ.
- ಗುರು: ಆಚಾರ್ಯರಿಗೆ ವೀಣೆ ಪದ್ಮನಾಭಯ್ಯ, ನಂತರ ತಿರುವೈಯಾರಿನಲ್ಲಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್, ಮುತ್ತಯ್ಯನವರಿಗೆ ತಿರುವಾರೂರಿನಲ್ಲಿ ಸಾಂಬಶಿವ ಅಯ್ಯರ್.
- ಗುರುಕುಲದ ಅವಧಿ: ಆಚಾರ್ಯರದ್ದು ಸುಮಾರು 6 ವರ್ಷ, ಮುತ್ತಯ್ಯನವರದ್ದು 9 ವರ್ಷ.
- ಹೋದ ರೀತಿ: ಆಚಾರ್ಯರು ಸಂಸ್ಥಾನದ ನೆರವಿನಿಂದ, ಮುತ್ತಯ್ಯನವರು ಹತ್ತನೇ ವಯಸ್ಸಿನಲ್ಲಿ ಮನೆ ಬಿಟ್ಟು.
- ಅಂಕಿತ: ಆಚಾರ್ಯರದ್ದು 'ವಾಸುದೇವ', ಮುತ್ತಯ್ಯನವರದ್ದು 'ಹರಿಕೇಶ'.

ಬಾಲ್ಯದ ಓದು ಮುಪ್ಪಿನಲ್ಲಿ ಕೈಹಿಡಿಯಿತು

ಇಬ್ಬರಿಗೂ ಸಂಗೀತ ಲೋಕದ ದೊಡ್ಡ ಗೌರವಗಳು ಬಂದವು. ಮದ್ರಾಸ್ ಸಂಗೀತ ಅಕಾಡೆಮಿಯ ಸಮ್ಮೇಳನಕ್ಕೆ 1930ರಲ್ಲಿ ಮುತ್ತಯ್ಯನವರು, 1935ರಲ್ಲಿ ವಾಸುದೇವಾಚಾರ್ಯರು ಅಧ್ಯಕ್ಷರಾಗಿದ್ದರು.

ಮುತ್ತಯ್ಯನವರು ಮುಂದೆ ತಿರುವಾಂಕೂರಿಗೆ ಹೋದರು. 1939ರಲ್ಲಿ ತಿರುವನಂತಪುರದಲ್ಲಿ ಆರಂಭವಾದ ಸ್ವಾತಿ ತಿರುನಾಳ್ ಸಂಗೀತ ಅಕಾಡೆಮಿಯ ಮೊದಲ ಪ್ರಾಂಶುಪಾಲರು ಅವರೇ. 'ಸಂಗೀತ ಕಲ್ಪದ್ರುಮ' ಎಂಬ ಶಾಸ್ತ್ರಗ್ರಂಥ ಬರೆದು ತಿರುವಾಂಕೂರು ವಿಶ್ವವಿದ್ಯಾಲಯದಿಂದ ಡಿ.ಲಿಟ್ ಪಡೆದರು. ತ್ಯಾಗರಾಜರ ಜೀವನವನ್ನು ಕುರಿತು ಸಂಸ್ಕೃತದಲ್ಲಿ ಕಾವ್ಯವನ್ನೂ ಬರೆದರು. ಮಾವ ಕಲಿಸಿದ ಸಂಸ್ಕೃತವನ್ನು ಅರ್ಧಕ್ಕೆ ಬಿಟ್ಟು ಓಡಿದ್ದ ಹುಡುಗ ಕೊನೆಗೆ ಆ ಭಾಷೆಗೇ ಮರಳಿದಂತಾಯಿತು. 1945ರಲ್ಲಿ ಅವರು ಕೊನೆಯುಸಿರೆಳೆದದ್ದು ಮೈಸೂರಿನಲ್ಲಿ.

ವಾಸುದೇವಾಚಾರ್ಯರ ಬದುಕು ಇದಕ್ಕೆ ತಿರುವುಮುರುವು. ಮೈಸೂರಿನವರಾದ ಅವರು ಇಳಿವಯಸ್ಸಿನಲ್ಲಿ ಮದ್ರಾಸಿಗೆ ಹೋದರು. ರುಕ್ಮಿಣೀದೇವಿ ಅರುಂಡೇಲ್ ಅವರ ಆಹ್ವಾನದಂತೆ ಕಲಾಕ್ಷೇತ್ರ ಸೇರಿ, ವಾಲ್ಮೀಕಿ ರಾಮಾಯಣದ ನೃತ್ಯನಾಟಕಗಳಿಗೆ ಸಂಗೀತ ಅಳವಡಿಸಿದರು. 1955ರಲ್ಲಿ 'ಸೀತಾ ಸ್ವಯಂವರಂ' ರಂಗಕ್ಕೆ ಬಂದಾಗ ಅವರಿಗೆ 90 ವರ್ಷ. ಸಂಸ್ಕೃತ ಕಾವ್ಯವನ್ನು ಪದ ಬಿಡಿಸಿ, ಭಾವ ಹಿಡಿದು ರಾಗಕ್ಕೆ ಕೂಡಿಸಲು ಅವರಿಗೆ ನೆರವಾದದ್ದು ತಾತ ಹಾಕಿಕೊಟ್ಟ ಪಾಠ. ಅವರು ಮುಗಿಸದೆ ಉಳಿದ ಭಾಗವನ್ನು ಮೊಮ್ಮಗ ಎಸ್. ರಾಜಾರಾಂ ಪೂರೈಸಿದರು. 1959ರಲ್ಲಿ ಪದ್ಮಭೂಷಣ ಬಂತು. 1961ರ ಮೇ 17ರಂದು ಆಚಾರ್ಯರು ತೀರಿಕೊಂಡರು.

ಅವರು ಹಾಡನ್ನು ತೆಲುಗಿನಲ್ಲಿ ಕಟ್ಟಿದರೂ ನೆನಪುಗಳನ್ನು ದಾಖಲಿಸಿದ್ದು ಕನ್ನಡದಲ್ಲಿ. 'ನೆನಪುಗಳು' ಅವರ ಆತ್ಮಕಥೆ. 'ನಾ ಕಂಡ ಕಲಾವಿದರು' ಪುಸ್ತಕದಲ್ಲಿ ಗುರು ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಸೇರಿದಂತೆ ಆ ಕಾಲದ ಸಂಗೀತಗಾರರ ಚಿತ್ರಗಳಿವೆ. ಕನ್ನಡ ಓದುಗರು ಆ ಗುರುಕುಲದ ಲೋಕವನ್ನು ಇಂದಿಗೂ ಹತ್ತಿರದಿಂದ ನೋಡಲು ಸಾಧ್ಯವಾಗಿರುವುದು ಇವುಗಳಿಂದ.

ಇಂದಿನ ಕೇಳುಗರಿಗೆ ಇದರಿಂದ ಏನು?

ಕನ್ನಡದಲ್ಲಿ ಶಾಸ್ತ್ರೀಯ ಕೃತಿಗಳು ಯಾಕೆ ಕಡಿಮೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಭಾಷೆ ಹಾಡಿಗೆ ಒಗ್ಗುವುದಿಲ್ಲ ಎಂಬ ಉತ್ತರವೂ ಕೆಲವೊಮ್ಮೆ ಬರುತ್ತದೆ. ಮುತ್ತಯ್ಯನವರ 108 ಕೃತಿಗಳ ಮುಂದೆ ಆ ಉತ್ತರ ನಿಲ್ಲುವುದಿಲ್ಲ. ಬೇರೆ ಭಾಷೆಯಿಂದ ಬಂದವರ ಕೈಯಲ್ಲೂ ಕನ್ನಡ ಕೃತಿಯಾಗಿ ನಿಂತಿದೆ. ಕೊರತೆ ಇದ್ದದ್ದು ಕಲಿಸುವವರ ರೂಢಿಯಲ್ಲಿ ಮತ್ತು ಕೇಳುವವರ ಬೇಡಿಕೆಯಲ್ಲಿ.

ಸಂಗೀತ ಕಲಿಯುತ್ತಿರುವ ಮಕ್ಕಳಿರುವ ಮನೆಯವರು ಒಂದು ಸಣ್ಣ ಪ್ರಯೋಗ ಮಾಡಬಹುದು. ಮೊದಲು 'ಬ್ರೋಚೇವಾರೆವರುರಾ', ಅದರ ಹಿಂದೆಯೇ 'ಭುವನೇಶ್ವರಿಯ' ಕೇಳಿ. ಎರಡೂ ಮೈಸೂರು ಆಸ್ಥಾನದ ವಿದ್ವಾಂಸರವು, ಎರಡರ ಬೇರೂ ಕಾವೇರಿ ಬಯಲಿನ ಗುರುಮನೆಗಳಲ್ಲಿವೆ. ಮೊದಲನೆಯದು ಮಕ್ಕಳಿಗೆ ಆಗಲೇ ಗೊತ್ತಿರಬಹುದು. ಎರಡನೆಯದು ಗೊತ್ತಿಲ್ಲದಿದ್ದರೆ ಮುಂದಿನ ಪಾಠದಲ್ಲಿ ಅದನ್ನು ಹೇಳಿಕೊಡಿ ಎಂದು ಮೇಷ್ಟ್ರನ್ನು ಕೇಳಬಹುದು.